ಬೀಗ ಹಾಕಿದ ಕೋಣೆಯಲ್ಲಿ ಉಳಿದುಹೋದ ಕೋಬಾಲ್ಟ್ ಯಂತ್ರ: ಹೊಣೆ ಯಾರದು, ಅಪಾಯ ಎಷ್ಟು?

ಪ್ರಶ್ನೆ (ಆಸ್ಪತ್ರೆಯ ಆಡಳಿತ ವಿಭಾಗದ ನೌಕರ, ಉತ್ತರ ಕರ್ನಾಟಕ)

ಎಲ್ಲರಿಗೂ ನಮಸ್ಕಾರ. ನಾನು ದತ್ತಿ ಸಂಸ್ಥೆಯೊಂದು ನಡೆಸುವ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ವಾಣಿಜ್ಯ, ವಿಜ್ಞಾನದ ಹಿನ್ನೆಲೆ ಇಲ್ಲ. ಆರು ತಿಂಗಳ ಹಿಂದೆ ಸ್ಟೋರ್ಸ್ ವಿಭಾಗದ ಹೊಣೆ ನನಗೆ ಬಂದಾಗ, ಪಟ್ಟಿಯಲ್ಲಿರುವ ಒಂದೊಂದು ಸಾಮಾನನ್ನೂ ಕಣ್ಣಾರೆ ನೋಡಿದ ಮೇಲೆಯೇ ಸಹಿ ಹಾಕಬೇಕೆಂದು ಹೊರಟೆ. ಹಳೆಯ ಕಟ್ಟಡದ ತುದಿಯಲ್ಲಿ, ಹಿಂದೆ ಕ್ಯಾನ್ಸರ್ ರೋಗಿಗಳಿಗೆ ‘ಕರೆಂಟ್ ಕೊಡುತ್ತಿದ್ದ’ ಕೋಣೆಯೊಂದಿದೆ. ಅದರ ದಪ್ಪ ಬಾಗಿಲ ಮೇಲಿನ ಹಳದಿ ಫಲಕದ ಬಣ್ಣ ಹೋಗಿ, ಮೂರು ರೆಕ್ಕೆಯ ಗುರುತು ಮಾತ್ರ ಮಸುಕಾಗಿ ಉಳಿದಿದೆ. ರಾತ್ರಿ ಪಾಳಿಯ ಕಾವಲುಗಾರರನ್ನು ಅದೇನೆಂದು ಕೇಳಿದೆ. ಫ್ಯಾನಿನ ಮೋಟಾರು ಇಟ್ಟಿರುವ ಕೋಣೆ ಇರಬೇಕು ಎಂದರು. ಅವರು ಎಂಟು ವರ್ಷಗಳಿಂದ ಅದೇ ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದಾರೆ.

ಒಳಗೆ ಇರುವುದು ಕೋಬಾಲ್ಟ್ ಟೆಲಿಥೆರಪಿ ಯಂತ್ರ, ಅಂದರೆ ಕೋಬಾಲ್ಟ್ ಸೂಸುವ ವಿಕಿರಣವನ್ನು ಹೊರಗಿನಿಂದ ಗೆಡ್ಡೆಯ ಮೇಲೆ ಬಿಟ್ಟು ಚಿಕಿತ್ಸೆ ಕೊಡುವ ಯಂತ್ರ. ಕಡತದಲ್ಲಿ ಸಿಕ್ಕ ಹಳೆಯ ಕಾಗದದ ಪ್ರಕಾರ ಅದಕ್ಕೆ ಕೊನೆಯ ಬಾರಿ ವಿಕಿರಣ ಮೂಲವನ್ನು (ವಿಕಿರಣ ಸೂಸುವ ಕೋಬಾಲ್ಟನ್ನು) ತುಂಬಿದ್ದು 26 ವರ್ಷಗಳ ಹಿಂದೆ, ಆಗ ಅದರ ಶಕ್ತಿ 10,000 ಕ್ಯೂರಿ (ವಿಕಿರಣಶೀಲತೆಯ ಅಳತೆ). ಅದನ್ನು ನೋಡಿಕೊಳ್ಳುತ್ತಿದ್ದ ವಿಕಿರಣ ಸುರಕ್ಷತಾ ಅಧಿಕಾರಿಗಳು ಕೆಲಸ ಬಿಟ್ಟು ಹೋದ ಮೇಲೆ ಆ ಕಡತದಲ್ಲಿ ಒಂದು ಹಾಳೆಯೂ ಸೇರಿಲ್ಲ. ಕಳೆದ ತಿಂಗಳು ಗುಜರಿ ವ್ಯಾಪಾರಿಯೊಬ್ಬರು ಬಂದು, ಹಳೆಯ ಮಂಚ, ಜನರೇಟರುಗಳ ಜೊತೆಗೆ ಆ ಯಂತ್ರದಲ್ಲಿ ಎಷ್ಟು ಕೆಜಿ ಸೀಸ ಇರಬಹುದೆಂದು ವಿಚಾರಿಸಿ ಹೋದರು. ಆಡಳಿತ ಮಂಡಳಿಯ ಸದಸ್ಯರೊಬ್ಬರು “ಇಷ್ಟು ವರ್ಷವಾಗಿದೆ, ಅದರಲ್ಲಿ ಇನ್ನೇನು ಉಳಿದಿರುತ್ತದೆ, ಕೊಟ್ಟುಬಿಡಿ” ಎನ್ನುತ್ತಿದ್ದಾರೆ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಂಥ ವಸ್ತು ಭಯೋತ್ಪಾದಕರ ಕೈ ಸೇರಿದರೆ ‘ಡರ್ಟಿ ಬಾಂಬ್’ ಆಗುತ್ತದೆ ಎಂದು ಪತ್ರಿಕೆಗಳಲ್ಲಿ ಓದಿದ್ದೇನೆ. ಇದು ನಿಜವಾದ ಅಪಾಯವೋ, ನಾನು ಅತಿಯಾಗಿ ಯೋಚಿಸುತ್ತಿದ್ದೇನೋ? ಇಂಥ ವಸ್ತುಗಳನ್ನು ದೇಶದಲ್ಲಿ ಯಾರು, ಹೇಗೆ ಕಾಯುತ್ತಾರೆ? ನಾನು ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ಯಾವುದು? ದಯವಿಟ್ಟು ಬಲ್ಲವರು ತಿಳಿಸಬೇಕು.

ಉತ್ತರ 1 (ವೈದ್ಯಕೀಯ ಭೌತವಿಜ್ಞಾನಿ, ಬೆಂಗಳೂರು)

ಸರ್, ನೀವು ಕೊಟ್ಟುಬಿಡುವ ಮೊದಲು ಕೇಳಿದ್ದೀರಿ, ಅದೇ ದೊಡ್ಡ ಕೆಲಸ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಾಳೆ ಬೆಳಿಗ್ಗೆ ಆ ಕೋಣೆಯ ಬೀಗ ತೆಗೆಯಬೇಡಿ, ಯಂತ್ರವನ್ನು ಸರಿಸಲು, ಒರೆಸಲು ಯಾರನ್ನೂ ಕಳುಹಿಸಬೇಡಿ. ಕೀಲಿಗಳು ಎಷ್ಟಿವೆ, ಯಾರ ಬಳಿ ಇವೆ ಎಂದು ಪತ್ತೆ ಮಾಡಿ ಎಲ್ಲವನ್ನೂ ಒಬ್ಬ ಜವಾಬ್ದಾರಿ ಅಧಿಕಾರಿಯ ಸುಪರ್ದಿಗೆ ತನ್ನಿ. ಬಳಿಕ ವೈದ್ಯಕೀಯ ಅಧೀಕ್ಷಕರ ಸಹಿಯೊಂದಿಗೆ ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, ಅಂದರೆ ಎಇಆರ್‌ಬಿಗೆ, ಇರುವ ಸಂಗತಿಯನ್ನು ಇರುವ ಹಾಗೆಯೇ ಬರೆಯಿರಿ. ಕಾಗದಪತ್ರ ತಪ್ಪಿಹೋಗಿದೆ ಎಂಬ ಅಳುಕಿನಿಂದ ಪತ್ರವನ್ನು ತಡಮಾಡಬೇಡಿ. ಮಂಡಳಿಯ ‘ಇ-ಲೋರಾ’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಿಮ್ಮ ಆಸ್ಪತ್ರೆಯ ಹೆಸರಿನಲ್ಲಿ ಈ ಮೂಲ ದಾಖಲಾಗಿದೆಯೇ ಎಂಬುದನ್ನೂ ಅವರಿಂದಲೇ ತಿಳಿದುಕೊಳ್ಳಿ.

ಈಗ “ಇನ್ನೇನು ಉಳಿದಿರುತ್ತದೆ” ಎಂಬ ಮಾತಿನ ಲೆಕ್ಕ ನೋಡೋಣ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಅಂದರೆ ಅಷ್ಟು ಕಾಲಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. 10,000 ಕ್ಯೂರಿ 26 ವರ್ಷಗಳಲ್ಲಿ ಸುಮಾರು 325 ಕ್ಯೂರಿಗೆ ಇಳಿದಿರುತ್ತದೆ. ಚಿಕಿತ್ಸೆಯ ದೃಷ್ಟಿಯಿಂದ ಅದು ನಿಜಕ್ಕೂ ಸತ್ತ ಮೂಲ. ಒಬ್ಬ ರೋಗಿಗೆ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಚಿಕಿತ್ಸೆಗೆ ಒಂದು ಗಂಟೆ ಹಿಡಿದರೆ ಯಾವ ಆಸ್ಪತ್ರೆಯೂ ಆ ಯಂತ್ರವನ್ನು ನಡೆಸಲಾರದು. ಆದರೆ ಅದೇ 325 ಕ್ಯೂರಿಯ ಮೂಲವನ್ನು ಕವಚದಿಂದ ಹೊರತೆಗೆದಿಟ್ಟು ಒಂದು ಮೀಟರ್ ದೂರದಲ್ಲಿ ಒಬ್ಬ ಮನುಷ್ಯ ಒಂದು ಗಂಟೆ ನಿಂತರೆ ಅವನ ಮೈಗೆ ಸುಮಾರು 4 ಸೀವರ್ಟ್‌ನಷ್ಟು ವಿಕಿರಣ ತಗಲುತ್ತದೆ. ಚಿಕಿತ್ಸೆ ಸಿಗದಿದ್ದರೆ ಅಷ್ಟು ವಿಕಿರಣಕ್ಕೆ ಒಳಗಾದವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಬದುಕುವುದಿಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ವಿಕಿರಣ ಮೂಲಗಳನ್ನು ಅಪಾಯದ ಇಳಿಕೆಯ ಕ್ರಮದಲ್ಲಿ ಐದು ವರ್ಗಗಳಾಗಿ ವಿಂಗಡಿಸಿದೆ. ನಿಮ್ಮ ಕೋಣೆಯಲ್ಲಿರುವುದು, ಇಷ್ಟು ಕುಗ್ಗಿದ ಮೇಲೂ, ಎರಡನೆಯ ವರ್ಗಕ್ಕೆ ಸೇರುತ್ತದೆ.

ನಿಮ್ಮ ಆಡಳಿತ ಮಂಡಳಿಯ ಸದಸ್ಯರಿಗೆ ದೆಹಲಿಯ ಮಾಯಾಪುರಿಯ ಪ್ರಕರಣವನ್ನು ದಯವಿಟ್ಟು ತಿಳಿಸಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ, ಕೆನಡಾದಿಂದ ತರಿಸಿದ್ದ ಗಾಮಾ ವಿಕಿರಣ ಯಂತ್ರವೊಂದು 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. 2010ರ ಫೆಬ್ರುವರಿಯಲ್ಲಿ ಅದನ್ನು ಉಳಿದ ಹಳೆಯ ಸಾಮಾನಿನ ಜೊತೆ ಹರಾಜು ಹಾಕಿದರು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದರು, ಒಳಗಿದ್ದ ಕೋಬಾಲ್ಟ್ ತುಂಡುಗಳು ಕೈಯಿಂದ ಕೈಗೆ ಹೋದವು. ಏಪ್ರಿಲ್ ಹೊತ್ತಿಗೆ ಜನ ಚರ್ಮ ಕಪ್ಪಾಗಿ, ಕೂದಲು ಉದುರಿ ಆಸ್ಪತ್ರೆ ಸೇರತೊಡಗಿದರು, ಒಬ್ಬ ಕಾರ್ಮಿಕ ತೀರಿಕೊಂಡ. ಅಲ್ಲಿ ಭಯೋತ್ಪಾದಕರು ಇರಲಿಲ್ಲ, ಕಳ್ಳತನವೂ ಆಗಿರಲಿಲ್ಲ. ರಸೀದಿ ಹರಿದು, ಕಾನೂನುಬದ್ಧ ಹರಾಜಿನಲ್ಲಿಯೇ ಅದು ಹೊರಗೆ ಹೋಯಿತು.

ಮುಂದಿನ ಕ್ರಮ ಹೀಗಿರುತ್ತದೆ. ಎಇಆರ್‌ಬಿ ಮಾನ್ಯತೆಯ ವಿಕಿರಣ ಸುರಕ್ಷತಾ ಅಧಿಕಾರಿಯೊಬ್ಬರನ್ನು ನೀವು ನೇಮಿಸಿಕೊಳ್ಳಬೇಕು. ಅವರು ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದು ಕೋಣೆಯ ಒಳಗೂ ಹೊರಗೂ ಅಳತೆ ಮಾಡಿ, ಮೂಲ ಯಂತ್ರದ ತಲೆಭಾಗದಲ್ಲಿ ತನ್ನ ಜಾಗದಲ್ಲೇ ಭದ್ರವಾಗಿದೆ ಎಂಬುದನ್ನು ಖಚಿತಪಡಿಸುತ್ತಾರೆ. ಯಂತ್ರವನ್ನು ಸೇವೆಯಿಂದ ತೆಗೆಯಲು ಅನುಮತಿ ಪಡೆದ ಬಳಿಕ, ಮೂಲವನ್ನು ಅದರ ಸಾಗಣೆಗೆಂದೇ ಮಾನ್ಯತೆ ಪಡೆದ ಭಾರದ ಪೆಟ್ಟಿಗೆಯಲ್ಲಿ ಸರಬರಾಜುದಾರರಿಗೆ ಅಥವಾ ನವಿ ಮುಂಬಯಿಯ ವಾಶಿಯಲ್ಲಿರುವ ವಿಕಿರಣ ಮತ್ತು ಐಸೋಟೋಪ್ ತಂತ್ರಜ್ಞಾನ ಮಂಡಳಿ (ಬ್ರಿಟ್) ಮೂಲಕ ಹಿಂತಿರುಗಿಸಬೇಕು. ಇದಕ್ಕೆ ಹಣ ಬೇಕು, ಸಮಯವೂ ಹಿಡಿಯುತ್ತದೆ. ವರ್ಷಗಟ್ಟಲೆ ಇಂಥ ಕೋಣೆಗಳು ಬೀಗ ಹಾಕಿಕೊಂಡೇ ಉಳಿಯುವುದಕ್ಕೆ ನಾನು ಕಂಡಂತೆ ದುರುದ್ದೇಶ ಕಾರಣವಲ್ಲ. ಆ ವರ್ಷದ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇಲ್ಲದಿರುವುದೇ ಕಾರಣ. ಮೂಲ ಆಸ್ಪತ್ರೆಯ ಆವರಣ ದಾಟಿ ಸೇರಬೇಕಾದಲ್ಲಿ ಸೇರಿತೆಂಬ ಸ್ವೀಕೃತಿ ಪತ್ರ ಕೈಗೆ ಬರುವವರೆಗೂ ಹೊಣೆ ಆಸ್ಪತ್ರೆಯದೇ ಆಗಿರುತ್ತದೆ.

ಉತ್ತರ 2 (ಕೈಗಾರಿಕಾ ರೇಡಿಯೋಗ್ರಫಿ ತಂತ್ರಜ್ಞ, ಸದ್ಯ ಕೊಲ್ಲಿ ದೇಶದಲ್ಲಿ)

ಪೈಪ್‌ಲೈನ್ ಬೆಸುಗೆಗಳ ತಪಾಸಣೆಗೆ ನಾವು ಬಳಸುವುದು ಇರಿಡಿಯಂ-192 ಎಂಬ ವಿಕಿರಣ ಮೂಲ. ಅದರ ಅರ್ಧಾಯುಷ್ಯ ಕೇವಲ 74 ದಿನ, ಆದರೆ ‘ಕ್ಯಾಮೆರಾ’ ಎಂದು ನಾವು ಕರೆಯುವ ಆ ಪೆಟ್ಟಿಗೆಯನ್ನು ಒಬ್ಬನೇ ಮನುಷ್ಯ ಎತ್ತಿಕೊಂಡು ಹೋಗಬಹುದು. ಸಾರ್ ಹೇಳಿದ ಕೋಬಾಲ್ಟ್ ಯಂತ್ರವನ್ನು ಕದಿಯಲು ಕ್ರೇನ್ ಬೇಕು. ನಮ್ಮ ಪೆಟ್ಟಿಗೆಯನ್ನು ಕದಿಯಲು ಒಂದು ಜೀಪು ಸಾಕು. ಆದ್ದರಿಂದಲೇ ನಮ್ಮ ದಿನಚರಿ ಪೂರ್ತಿ ಲೆಕ್ಕದ ಮೇಲೆ ನಿಂತಿದೆ. ಪೆಟ್ಟಿಗೆಯನ್ನು ಭದ್ರವಾಗಿಡುವ ಪಿಟ್ ರೂಮಿನಿಂದ ತೆಗೆದಾಗ ಬರೆಯಬೇಕು, ವಾಹನಕ್ಕೆ ಏರಿಸಿದಾಗ ಬರೆಯಬೇಕು, ಒಂದೊಂದು ಎಕ್ಸ್‌ಪೋಷರ್ (ಮೂಲವನ್ನು ಹೊರತಂದು ಬೆಸುಗೆಯ ಚಿತ್ರ ತೆಗೆಯುವುದು) ಮುಗಿದಾಗಲೂ ಸರ್ವೇ ಮೀಟರ್ ಹಿಡಿದು ಮೂಲ ಪೆಟ್ಟಿಗೆಯೊಳಗೆ ಮರಳಿದೆ ಎಂದು ನೋಡಬೇಕು, ರಾತ್ರಿ ಮತ್ತೆ ಪಿಟ್‌ಗೆ ಇಳಿಸಿದಾಗ ಸಹಿ ಹಾಕಬೇಕು.

ಹೊಸದಾಗಿ ಸೇರಿದಾಗ ಒಂದು ಸಂಜೆ, ಕೆಲಸ ಮುಗಿದು ಎಲ್ಲರೂ ದಣಿದಿದ್ದಾಗ, ಸಹಿಯನ್ನು ನಾಳೆ ಹಾಕೋಣವೆಂದು ಪುಸ್ತಕ ಮುಚ್ಚಿದ್ದೆ. ನನ್ನ ಹಿರಿಯರು ಮಾತಾಡದೆ ಪಿಟ್ ರೂಮಿನ ಎರಡೂ ಬೀಗ ಮತ್ತೆ ತೆಗೆಸಿ, ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಟಾರ್ಚ್ ಬೆಳಕಿನಲ್ಲಿ ನನ್ನಿಂದ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿಸಿದರು. ನಾವು ಊಟಕ್ಕೆ ಕುಳಿತಾಗ ಹನ್ನೊಂದು ಗಂಟೆ ದಾಟಿತ್ತು. ನಿಮ್ಮ ಕಡತದಲ್ಲಿ ಹಾಳೆ ಸೇರುವುದು ನಿಂತಿದೆ ಎಂಬ ಸಾಲು ಓದಿದಾಗ ನನಗೆ ಆ ಸಂಜೆ ನೆನಪಾಯಿತು.

ಮೆಕ್ಸಿಕೋದಲ್ಲಿ 2013ರ ಡಿಸೆಂಬರ್‌ನಲ್ಲಿ ನಡೆದದ್ದನ್ನೂ ಹೇಳಬೇಕು. ಆಸ್ಪತ್ರೆಯ ಕೋಬಾಲ್ಟ್ ಮೂಲವನ್ನು ವಿಲೇವಾರಿ ಕೇಂದ್ರಕ್ಕೆ ಒಯ್ಯುತ್ತಿದ್ದ ಲಾರಿಯನ್ನು ಪೆಟ್ರೋಲ್ ಬಂಕಿನ ಬಳಿ ನಿಲ್ಲಿಸಿದ್ದಾಗ ಅಪಹರಿಸಿದರು. ಕಳ್ಳರಿಗೆ ಬೇಕಾಗಿದ್ದದ್ದು ಲಾರಿ ಎಂದು ಅಲ್ಲಿನ ಅಧಿಕಾರಿಗಳು ತೀರ್ಮಾನಿಸಿದರು. ಮೂಲ ಒಂದೆರಡು ದಿನದಲ್ಲಿ, ಕವಚದಿಂದ ಹೊರಬಂದ ಸ್ಥಿತಿಯಲ್ಲಿ, ಹೊಲವೊಂದರಲ್ಲಿ ಸಿಕ್ಕಿತು. ಹಾಗಾಗಿ ಸಾಗಣೆಯ ದಿನ ನಿಗದಿಯಾದಾಗ ಬೆಂಗಾವಲು ಯಾರು, ಲಾರಿ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ, ಆ ದಿನಾಂಕವನ್ನು ಆಸ್ಪತ್ರೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ.

ಉತ್ತರ 3 (ಕ್ಯಾನ್ಸರ್ ಚಿಕಿತ್ಸಕಿ, ಮೈಸೂರು)

ಮೇಲಿನ ಇಬ್ಬರ ಸಲಹೆಯನ್ನೂ ಒಪ್ಪುತ್ತೇನೆ, ಆದರೆ ‘ಬಾಂಬ್’ ಎಂಬ ಪದದ ಬಗ್ಗೆ ನನಗೆ ಅಸಮಾಧಾನವಿದೆ. ಕೋಬಾಲ್ಟ್ ಯಂತ್ರ ನಮ್ಮ ದೇಶದ ಬಡ ರೋಗಿಗಳ ಪಾಲಿಗೆ ದಶಕಗಳ ಕಾಲ ಬಹುಮಟ್ಟಿಗೆ ಕೈಗೆಟುಕುತ್ತಿದ್ದ ವಿಕಿರಣ ಚಿಕಿತ್ಸೆ. ಗರ್ಭಕೊರಳಿನ ಕ್ಯಾನ್ಸರ್ ಬಂದು, ಇದೇ ಯಂತ್ರದ ಕೆಳಗೆ ಮಲಗಿ ಗುಣಮುಖರಾಗಿ, ಮೊಮ್ಮಕ್ಕಳನ್ನು ಎತ್ತಿಕೊಂಡು ನನ್ನನ್ನು ನೋಡಲು ಬಂದ ತಾಯಂದಿರಿದ್ದಾರೆ. ವಿದ್ಯುತ್ತಿನಿಂದಲೇ ವಿಕಿರಣ ಹುಟ್ಟಿಸುವ ಲೀನಿಯರ್ ಆಕ್ಸಿಲರೇಟರ್‌ನಲ್ಲಿ ಕದಿಯಬಹುದಾದ ವಿಕಿರಣ ಮೂಲವೇ ಇಲ್ಲ ಎಂಬುದು ನಿಜ, ಅದು ಉತ್ತಮ ಯಂತ್ರವೂ ಹೌದು. ಆದರೆ ಅದಕ್ಕೆ ಏರುಪೇರಿಲ್ಲದ ವಿದ್ಯುತ್ತು, ದುಬಾರಿ ಬಿಡಿಭಾಗಗಳು, ಕರೆದ ತಕ್ಷಣ ಬರುವ ಇಂಜಿನಿಯರು ಬೇಕು. ಭದ್ರತೆಯ ಹೆಸರಿನಲ್ಲಿ ಕೋಬಾಲ್ಟ್ ಯಂತ್ರಗಳನ್ನೆಲ್ಲ ಏಕಾಏಕಿ ತೆಗೆಸಿದರೆ ಜಿಲ್ಲಾ ಕೇಂದ್ರದ ರೋಗಿ ಬೆಂಗಳೂರಿನ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಕ್ಯಾನ್ಸರ್‌ಗೆ ಆ ಸರದಿ ಕಾಯುವಷ್ಟು ವ್ಯವಧಾನವಿಲ್ಲ.

ಹಾಗೆಂದು ಉಪೇಕ್ಷೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ 1987ರಲ್ಲಿ ನಡೆದದ್ದು ನಮ್ಮ ವೃತ್ತಿಯವರು ಮರೆಯಬಾರದ ಘಟನೆ. ಚಿಕಿತ್ಸಾಲಯವೊಂದು ಬೇರೆ ಕಡೆಗೆ ಹೋಗುವಾಗ ಸೀಸಿಯಂ-137 ಎಂಬ ವಿಕಿರಣ ವಸ್ತು ಇದ್ದ ಚಿಕಿತ್ಸಾ ಯಂತ್ರವನ್ನು ಹಳೆಯ ಕಟ್ಟಡದಲ್ಲೇ ಬಿಟ್ಟಿತು. ಗುಜರಿ ಆಯುವವರು ಅದನ್ನು ಒಯ್ದು ಒಡೆದರು. ಒಳಗಿದ್ದ ನೂರು ಗ್ರಾಮಿಗೂ ಕಡಿಮೆ ತೂಕದ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು; ಚಂದದ ವಸ್ತುವೆಂದು ನೆಂಟರಿಷ್ಟರಿಗೆ ಹಂಚಿದರು, ಮಕ್ಕಳು ಮೈಗೆ ಹಚ್ಚಿಕೊಂಡರು. ಮನೆಯವರೆಲ್ಲ ಒಬ್ಬೊಬ್ಬರಾಗಿ ಕಾಯಿಲೆ ಬೀಳುತ್ತಿರುವುದಕ್ಕೂ ಆ ಪುಡಿಗೂ ಸಂಬಂಧವಿದೆ ಎಂದು ಮೊದಲು ಅನುಮಾನಿಸಿದವಳು ಗುಜರಿ ವ್ಯಾಪಾರಿಯ ಹೆಂಡತಿ. ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಆರೋಗ್ಯ ಇಲಾಖೆಗೆ ಒಯ್ದವಳೂ ಅವಳೇ. ಸತ್ತ ನಾಲ್ವರಲ್ಲಿ ಅವಳೊಬ್ಬಳು, ಆರು ವರ್ಷದ ಒಂದು ಹುಡುಗಿ ಇನ್ನೊಬ್ಬಳು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ ಪರೀಕ್ಷಿಸಬೇಕಾಯಿತು, 249 ಮಂದಿಯ ಮೇಲೆ ಅಥವಾ ದೇಹದೊಳಗೆ ಸೀಸಿಯಂ ಪತ್ತೆಯಾಯಿತು.

ಆ ಮೂರು ರೆಕ್ಕೆಯ ಗುರುತನ್ನು ನಿಮ್ಮ ಕಾವಲುಗಾರರು ಫ್ಯಾನ್ ಎಂದುಕೊಂಡದ್ದು ಅವರ ತಪ್ಪಲ್ಲ. ಜಗತ್ತಿನಾದ್ಯಂತ ಜನರಿಗೆ ಅದು ಅರ್ಥವಾಗುವುದಿಲ್ಲವೆಂದು ಕಂಡುಕೊಂಡ ಮೇಲೆಯೇ 2007ರಲ್ಲಿ, ದೊಡ್ಡ ಮೂಲಗಳ ಕವಚದ ಮೇಲೆ ಹಾಕಲೆಂದು, ಕೆಂಪು ತ್ರಿಕೋನದಲ್ಲಿ ತಲೆಬುರುಡೆಯನ್ನೂ ಓಡುವ ಮನುಷ್ಯನನ್ನೂ ತೋರಿಸುವ ಹೊಸ ಗುರುತನ್ನು ಜಾರಿಗೆ ತಂದರು. ನೀವು ಬಾಗಿಲ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ ಹಾಕಿ. ಕಾವಲುಗಾರರನ್ನು ಕೂರಿಸಿಕೊಂಡು ಗೊಯಾನಿಯಾದ ವಿಷಯ ತಿಳಿಸಿ. ಬಾಗಿಲ ಹೊರಗೆ ವಿಕಿರಣದ ಮಟ್ಟ ಎಷ್ಟಿದೆ ಎಂಬ ಅಳತೆಯನ್ನೂ ಅವರ ಎದುರಿಗೇ ಮಾಡಿಸಿ. ಎಂಟು ವರ್ಷ ಅಲ್ಲಿ ಕುಳಿತ ಮನುಷ್ಯನಿಗೆ ಅದನ್ನು ತಿಳಿಯುವ ಹಕ್ಕಿದೆ.

ಉತ್ತರ 4 (ಭೌತವಿಜ್ಞಾನದ ನಿವೃತ್ತ ಉಪನ್ಯಾಸಕ, ಕಾರವಾರ)

ಪ್ರಶ್ನೆಯಲ್ಲಿ ಭಯೋತ್ಪಾದನೆಯ ಮಾತು ಬಂದಿರುವುದರಿಂದ ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ಹೇಳಬೇಕಾಗಿದೆ. ಪರಮಾಣು ಬಾಂಬ್ ಬೇರೆ, ಡರ್ಟಿ ಬಾಂಬ್ ಬೇರೆ. ಮೊದಲನೆಯದಕ್ಕೆ ವಿದಳನವಾಗುವ, ಅಂದರೆ ಪರಮಾಣು ಒಡೆದು ಅಪಾರ ಶಕ್ತಿ ಹೊಮ್ಮಿಸುವ ವಸ್ತು ಬೇಕು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ತನ್ನ ತಪಾಸಣೆಗೆ ಅಳತೆಗೋಲಾಗಿ ಇಟ್ಟುಕೊಂಡಿರುವುದು 8 ಕೆಜಿ ಪ್ಲುಟೋನಿಯಂ, ಇಲ್ಲವೆ ಹೆಚ್ಚು ಸಮೃದ್ಧಗೊಳಿಸಿದ (ವಿದಳನವಾಗುವ ಯುರೇನಿಯಂ-235ರ ಪಾಲನ್ನು ಹೆಚ್ಚಿಸಿದ) ಯುರೇನಿಯಂನಲ್ಲಿರುವ 25 ಕೆಜಿ ಯುರೇನಿಯಂ-235. ಕೋಬಾಲ್ಟನ್ನು ಎಷ್ಟು ಕೂಡಿಟ್ಟರೂ ಪರಮಾಣು ಬಾಂಬ್ ಆಗುವುದಿಲ್ಲ. ಡರ್ಟಿ ಬಾಂಬ್ ಎಂದರೆ ಸಾಮಾನ್ಯ ಸ್ಫೋಟಕದಿಂದ ವಿಕಿರಣ ವಸ್ತುವನ್ನು ಚೆಲ್ಲುವುದು. ಅದರಲ್ಲಿ ಸಾಯುವವರು ಹೆಚ್ಚಾಗಿ ಸ್ಫೋಟಕ್ಕೆ ಸಿಕ್ಕವರು. ಅದರ ನಿಜವಾದ ಏಟು ಬೀಳುವುದು ಜನರ ಧೈರ್ಯದ ಮೇಲೆ ಮತ್ತು ತಿಂಗಳುಗಟ್ಟಲೆ ಮುಚ್ಚಬೇಕಾಗುವ ಬೀದಿಗಳ ಮೇಲೆ. 1995ರ ನವೆಂಬರ್‌ನಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಉದ್ಯಾನವೊಂದರಲ್ಲಿ ಸೀಸಿಯಂ ಹೂತಿಟ್ಟು ಟೆಲಿವಿಷನ್ನಿನವರಿಗೆ ಸುದ್ದಿ ಕೊಟ್ಟರು. ಸ್ಫೋಟಿಸಲಿಲ್ಲ, ತಮ್ಮ ಕೈಯಲ್ಲಿ ಇದೆ ಎಂದು ತೋರಿಸಿದರು ಅಷ್ಟೆ.

ಬೇಲಿ, ಕ್ಯಾಮೆರಾ, ಬಂದೂಕುಗಳಿಂದ ಕಾಯಬಹುದಾದದ್ದು ಹೊರಗಿನವರನ್ನು ಮಾತ್ರ. ರಷ್ಯಾದ ಪೊಡೊಲ್ಸ್ಕ್‌ನಲ್ಲಿ 1992ರಲ್ಲಿ ಸಂಶೋಧನಾ ಸಂಸ್ಥೆಯೊಂದರ ನೌಕರನು ಹೆಚ್ಚು ಸಮೃದ್ಧ ಯುರೇನಿಯಂ ಅನ್ನು ಕೆಲವು ತಿಂಗಳುಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊರಗೆ ಸಾಗಿಸಿ, ಸುಮಾರು ಒಂದೂವರೆ ಕೆಜಿಯನ್ನು ತನ್ನ ಮನೆಯ ಬಾಲ್ಕನಿಯಲ್ಲಿ ಇಟ್ಟುಕೊಂಡಿದ್ದ. ಕೆಲಸದಲ್ಲಿ ಸಹಜವಾಗಿ ಆಗುವ ನಷ್ಟವೆಂದು ಲೆಕ್ಕದಲ್ಲಿ ಬಿಟ್ಟುಕೊಡುತ್ತಿದ್ದ ಪ್ರಮಾಣದೊಳಗೇ ಅವನ ಕಳವು ಅಡಗಿಹೋಗುತ್ತಿದ್ದುದರಿಂದ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಅವನು ಸಿಕ್ಕಿಬಿದ್ದದ್ದು ರೈಲು ನಿಲ್ದಾಣದಲ್ಲಿ, ಬ್ಯಾಟರಿ ಕದ್ದಿದ್ದ ಪರಿಚಯದವರ ಜೊತೆ ನಿಂತಿದ್ದ ಕಾರಣಕ್ಕೆ.

ನಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ನೆನಪಿಸುತ್ತೇನೆ. 2009ರ ನವೆಂಬರ್‌ನಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರದ ಕೆಲವು ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಶಿಯಂ ಎಂಬ ವಿಕಿರಣಶೀಲ ಜಲಜನಕದ ಪ್ರಮಾಣ ಹೆಚ್ಚಾಗಿ ಕಂಡಿತು. ಹುಡುಕಿದಾಗ ಅದು ಬಂದದ್ದು ಕುಡಿಯುವ ನೀರಿನ ಕೂಲರ್‌ನಿಂದ ಎಂದು ತಿಳಿಯಿತು. ಐವತ್ತಕ್ಕೂ ಹೆಚ್ಚು ಮಂದಿ ಆ ನೀರು ಕುಡಿದಿದ್ದರು. ಸ್ಥಾವರದಲ್ಲಿ ಸೋರಿಕೆಯಾಗಿರಲಿಲ್ಲ, ಒಳಗಿನವರೇ ಯಾರೋ ಸ್ಥಾವರದಲ್ಲಿ ಬಳಸುವ, ಟ್ರಿಶಿಯಂ ಇದ್ದ ಭಾರಜಲವನ್ನು ಬೇಕೆಂದೇ ಬೆರೆಸಿರಬೇಕೆಂದು ಅಧಿಕಾರಿಗಳು ಹೇಳಿದರು. ಟ್ರಿಶಿಯಂ ನೀರಿನ ಜೊತೆಗೇ ದೇಹದಿಂದ ಹೊರಹೋಗುವುದರಿಂದ ಚಿಕಿತ್ಸೆ ಕಷ್ಟವಾಗಲಿಲ್ಲ. ಆ ದಿನಗಳಲ್ಲಿ ನನ್ನ ತರಗತಿಯಲ್ಲಿ ಕೈಗಾ ನೌಕರರ ಮಕ್ಕಳಿದ್ದರು. ‘ಅಪ್ಪ ಊಟದ ಡಬ್ಬಿಯ ಜೊತೆ ನೀರಿನ ಬಾಟಲಿಯನ್ನೂ ಮನೆಯಿಂದಲೇ ಒಯ್ಯಲು ಶುರುಮಾಡಿದ್ದಾರೆ’ ಎಂದು ಒಬ್ಬ ಹುಡುಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಪಕ್ಕದ ಮೇಜಿನವನ ಮೇಲಿನ ನಂಬಿಕೆ ಹೋದರೆ ಅಂಥ ಜಾಗದಲ್ಲಿ ಕೆಲಸ ಮಾಡುವುದು ಹೇಗೆ? ಟ್ರಿಶಿಯಂ ಹೆಚ್ಚಿದ್ದನ್ನು ಪತ್ತೆ ಹಚ್ಚಿದ್ದು ಯಾವ ಬೇಲಿಯೂ ಅಲ್ಲ, ತಪ್ಪದೆ ನಡೆಯುತ್ತಿದ್ದ ವಾಡಿಕೆಯ ಪರೀಕ್ಷೆ.

ದೇಶಗಳ ಮಟ್ಟದಲ್ಲಿ ಕೆಲಸ ಆಗಿಲ್ಲವೆಂದಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಕಝಾಕಸ್ತಾನದ ಕಾರ್ಖಾನೆಯೊಂದರಲ್ಲಿ ಉಳಿದಿದ್ದ ಸುಮಾರು 600 ಕೆಜಿ ಹೆಚ್ಚು ಸಮೃದ್ಧ ಯುರೇನಿಯಂ ಅನ್ನು 1994ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆಯಿಂದ ಅಮೆರಿಕ ವಿಮಾನದಲ್ಲಿ ಹೊತ್ತೊಯ್ಯಿತು. ಪರಮಾಣು ಭಯೋತ್ಪಾದನೆಯನ್ನು ಅಪರಾಧವೆಂದು ಸಾರುವ ವಿಶ್ವಸಂಸ್ಥೆಯ ಒಡಂಬಡಿಕೆ 2005ರಲ್ಲಿ ಅಂಗೀಕಾರವಾಗಿ 2007ರಲ್ಲಿ ಜಾರಿಗೆ ಬಂತು, ಭಾರತವೂ ಅದಕ್ಕೆ ಬದ್ಧವಾಗಿದೆ. ಮುಂಬಯಿಯ ಟ್ರಾಂಬೆಯ ಅಪ್ಸರಾ ಸಂಶೋಧನಾ ರಿಯಾಕ್ಟರ್ 1956ರಿಂದ ಹೆಚ್ಚು ಸಮೃದ್ಧ ಯುರೇನಿಯಂನಿಂದ ನಡೆಯುತ್ತಿತ್ತು. 2009ರಲ್ಲಿ ಅದನ್ನು ನಿಲ್ಲಿಸಿ, 2018ರಲ್ಲಿ ಕಡಿಮೆ ಸಮೃದ್ಧ ಇಂಧನದ ಹೊಸ ರೂಪದಲ್ಲಿ ಆರಂಭಿಸಿದರು. ಕದಿಯಲು ಯೋಗ್ಯವಾದ ವಸ್ತುವೇ ಅಲ್ಲಿ ಇಲ್ಲದಂತೆ ಮಾಡುವುದು ಎಂಥ ಕಾವಲಿಗಿಂತಲೂ ಮೇಲು ಎಂದು ನನ್ನ ಅಭಿಪ್ರಾಯ. ಆದರೆ ಆಸ್ಪತ್ರೆ, ಕಾಲೇಜುಗಳಲ್ಲಿರುವ ವಿಕಿರಣ ಮೂಲಗಳಿಗೆ ಸಂಬಂಧಿಸಿದ 2003ರ ಅಂತರರಾಷ್ಟ್ರೀಯ ನೀತಿಸಂಹಿತೆ ಯಾವ ದೇಶವನ್ನೂ ಕಾನೂನಿನಿಂದ ಕಟ್ಟಿಹಾಕುವುದಿಲ್ಲ. ಅಲ್ಲಿ ಎಲ್ಲವೂ ಆಯಾ ದೇಶದ ನಿಯಂತ್ರಕರ ಮೇಲೆ ನಿಂತಿದೆ, ಅವರಿಗೆ ನಿಜವಾದ ಲೆಕ್ಕ ಕೊಡುವ ಸ್ಟೋರ್ಸ್ ಗುಮಾಸ್ತರ ಮೇಲೂ ನಿಂತಿದೆ.

ಪ್ರಶ್ನೆ ಕೇಳಿದವರಿಂದ, ಹನ್ನೆರಡು ದಿನಗಳ ಬಳಿಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಮುದ್ರಿಸಿ ಆಡಳಿತ ಮಂಡಳಿಯ ಸಭೆಯಲ್ಲಿ ಓದಿದೆ. ಮಾಯಾಪುರಿಯ ಭಾಗ ಮುಗಿದಾಗ, ಕೊಟ್ಟುಬಿಡಿ ಎಂದಿದ್ದ ಸದಸ್ಯರೇ ಎದ್ದು, ಮೂಲವನ್ನು ಹಿಂತಿರುಗಿಸುವ ವೆಚ್ಚಕ್ಕೆ ಈ ವರ್ಷವೇ ಹಣ ತೆಗೆದಿಡಬೇಕೆಂದು ಸೂಚಿಸಿದರು. ಎಇಆರ್‌ಬಿಗೆ ಪತ್ರ ಹೋಗಿದೆ. ಹುಬ್ಬಳ್ಳಿಯಿಂದ ಬಂದ ವಿಕಿರಣ ಸುರಕ್ಷತಾ ಅಧಿಕಾರಿಗಳು ಕಾವಲುಗಾರರ ಕುರ್ಚಿ ಇದ್ದ ಜಾಗದಿಂದಲೇ ಅಳತೆ ಆರಂಭಿಸಿದರು. ಅಲ್ಲಿ ಸಹಜ ಮಟ್ಟಕ್ಕಿಂತ ಹೆಚ್ಚೇನೂ ಇರಲಿಲ್ಲ. ಮೀಟರಿನ ಮುಳ್ಳನ್ನು ಕಾವಲುಗಾರರೇ ಬಗ್ಗಿ ನೋಡಿ, ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದರು. ಮೂಲ ತನ್ನ ಜಾಗದಲ್ಲೇ ಇದೆ.

ಒಂದು ತೊಡಕು ಉಳಿದಿದೆ. ಹಳೆಯ ರಿಜಿಸ್ಟರಿನಲ್ಲಿ ಆ ಕೋಣೆಗೆ ಮೂರು ಕೀಲಿ ಎಂದಿದೆ. ಎರಡು ಸಿಕ್ಕಿವೆ.

ಉತ್ತರ 1ರವರಿಂದ

ಮೂರನೆಯದನ್ನು ಹುಡುಕುತ್ತಾ ಕೂರಬೇಡಿ ಸರ್. ಇಂದೇ ಬೀಗ ಬದಲಿಸಿ, ಹಳೆಯ ಬೀಗವನ್ನೂ ಎರಡು ಕೀಲಿಗಳನ್ನೂ ಲಕೋಟೆಯಲ್ಲಿಟ್ಟು ಮೊಹರು ಮಾಡಿ, ಮೂರನೆಯ ಕೀಲಿ ಸಿಕ್ಕಿಲ್ಲವೆಂದು ದಿನಾಂಕ ಹಾಕಿ ರಿಜಿಸ್ಟರಿನಲ್ಲಿ ಬರೆಯಿರಿ, ಅದರ ಪ್ರತಿಯನ್ನು ಎಇಆರ್‌ಬಿಗೂ ಸ್ಥಳೀಯ ಪೊಲೀಸ್ ಠಾಣೆಗೂ ಕಳುಹಿಸಿ.